2ಜೆಝಡ್-ಜಿಟಿಇ: ಚಕ್ರದ ಬಳಿ 700 ಎಚ್‌ಪಿಗೆ ಕಂಪನಿ ಪಿಸ್ಟನ್-ರಾಡ್ ಸಾಕೇ, ಫೋರ್ಜ್ಡ್ ಹಾಕಿಸಬೇಕೇ?

ಶಾರ್ಜಾ_ಸುಪ್ರಾ

ಕಾರು 1996ರ ಟೊಯೊಟಾ ಸುಪ್ರಾ (2ಜೆಝಡ್-ಜಿಟಿಇ ಅದರ ಆರು ಸಿಲಿಂಡರಿನ ಟರ್ಬೊ ಎಂಜಿನ್), ಜೆಝಡ್‌ಎ80, ವಿವಿಟಿ-ಐ (ವಾಲ್ವ್ ತೆರೆಯುವ ಸಮಯ ಹೊಂದಿಸುವ ವ್ಯವಸ್ಥೆ) ಇಲ್ಲದ ಎಂಜಿನ್, ಆರು ಗೇರಿನ ಗೆಟ್ರಾಗ್ ಗೇರ್‌ಬಾಕ್ಸ್. 1,38,000 ಕಿಮೀ ಓಡಿದೆ, ಹೆಡ್ ಇನ್ನೂ ಬಿಚ್ಚಿಲ್ಲ. ಅವಳಿ ಟರ್ಬೊ ತೆಗೆದು 67 ಮಿಮೀ ಕಂಪ್ರೆಸರಿನ ಒಂಟಿ ಟರ್ಬೊ ಕೂರಿಸುವ ಯೋಜನೆ. ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರ) ಚಕ್ರದ ಬಳಿ 700 ಎಚ್‌ಪಿ ಬಂದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ಇಲ್ಲಿ ಬಂಕಿನಲ್ಲಿ ಸಿಗುವುದು 98 ಆಕ್ಟೇನ್ ಪೆಟ್ರೋಲ್, ಬೇಸಿಗೆಯ ಮಧ್ಯಾಹ್ನ 45 ಡಿಗ್ರಿ ಮಾಮೂಲು.

ಒಬ್ಬರು "ಟೊಯೊಟಾ ಹಾಕಿದ್ದನ್ನು ಮುಟ್ಟಬೇಡಿ" ಅನ್ನುತ್ತಾರೆ, ಇನ್ನೊಬ್ಬರು "ಫೋರ್ಜ್ಡ್ (ಎರಕ ಹೊಯ್ಯದೆ ಬಡಿದು ಒತ್ತಿ ಮಾಡಿದ) ಪಿಸ್ಟನ್, ಎಚ್-ಬೀಮ್ (ಎಚ್ ಆಕಾರದ) ರಾಡ್ ಇಲ್ಲದೆ 500 ದಾಟಬೇಡಿ" ಅನ್ನುತ್ತಾರೆ. ಯಾವುದು ಹೆಚ್ಚು ದಿನ ಬಾಳುತ್ತದೆ? ಬಿಸಿ ಎಂಜಿನ್, ಥ್ರಾಟಲ್ ಪೂರ್ತಿ ತೆರೆದು ತೆಗೆದ ಕಂಪ್ರೆಷನ್ ಓದು, 1ರಿಂದ 6ರವರೆಗೆ, ಪಿಎಸ್‌ಐಯಲ್ಲಿ: 158, 160, 157, 157, 159, 142.

ಎರಕದ_ಬ್ಲಾಕ್

ಮೊದಲು ನೇರ ಉತ್ತರ: ಆರೋಗ್ಯವಾಗಿರುವ, ಬಿಚ್ಚದ 2ಜೆಝಡ್-ಜಿಟಿಇಗೆ ಚಕ್ರದ ಬಳಿ 700 ಎಚ್‌ಪಿ ದಕ್ಕುವ ಕೆಲಸ. ಬ್ಲಾಕ್ ಎರಕದ ಕಬ್ಬಿಣ, ಕ್ಲೋಸ್ಡ್ ಡೆಕ್ (ಸಿಲಿಂಡರುಗಳ ಸುತ್ತ ಮೇಲ್ಭಾಗ ಮುಚ್ಚಿದ್ದು). ಕ್ರ್ಯಾಂಕ್ ಫೋರ್ಜ್ಡ್ ಉಕ್ಕು, ಏಳು ಮೇನ್ ಬೇರಿಂಗ್. ಪಿಸ್ಟನ್ ಎರಕದ್ದೇ, ಆದರೆ ಅದರ ತಳಕ್ಕೆ ಎಣ್ಣೆ ಚಿಮ್ಮುವ ನಳಿಕೆ ಇದೆ. ಕಂಪ್ರೆಷನ್ ಅನುಪಾತ 8.5. ನಿಮ್ಮದು ವಿವಿಟಿ-ಐ ಬರುವುದಕ್ಕಿಂತ ಮುಂಚಿನ ಎಂಜಿನ್ ಆದ್ದರಿಂದ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡ) ದಪ್ಪ. 1997ರ ನಂತರದ ವಿವಿಟಿ-ಐ ಜಿಟಿಇಗಳಲ್ಲಿ ರಾಡ್ ಸಪೂರ, ಅವುಗಳಿಗೆ ನಾನು ಇಷ್ಟು ಧೈರ್ಯ ಹೇಳುವುದಿಲ್ಲ.

"ಎಷ್ಟು ಎಚ್‌ಪಿ ತಡೆಯುತ್ತದೆ" ಎನ್ನುವ ಪ್ರಶ್ನೆಯೇ ಅರ್ಧ ದಾರಿ ತಪ್ಪಿಸುತ್ತದೆ. ರಾಡಿಗೆ ಎಚ್‌ಪಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಎರಡೇ: ಮೇಲಿನಿಂದ ಒತ್ತುವ ಅನಿಲದ ಬಲ, ಮತ್ತು ಆರ್‌ಪಿಎಂ ಏರಿದಾಗ ಹಿಡಿದೆಳೆಯುವ ಪಿಸ್ಟನ್ನಿನ ಜಡತ್ವ.

86 ಮಿಮೀ ಬೋರಿನ ಪಿಸ್ಟನ್ ತಲೆಯ ವಿಸ್ತೀರ್ಣ 58 ಚದರ ಸೆಂಮೀ. ಸಿಲಿಂಡರಿನಲ್ಲಿ ಗರಿಷ್ಠ ಒತ್ತಡ 100 ಬಾರ್ ಆದರೆ ರಾಡಿನ ಮೇಲೆ ಹತ್ತಿರಹತ್ತಿರ 6 ಟನ್, 150 ಬಾರ್ ಆದರೆ ಸುಮಾರು 9 ಟನ್. ಇನ್ನು ಎಳೆತ. ಸ್ಟ್ರೋಕ್ 86, ರಾಡ್ ಉದ್ದ 142 ಮಿಮೀ. 7,000 ಆರ್‌ಪಿಎಂನಲ್ಲಿ ಪಿಸ್ಟನ್ ತುದಿ ಮುಟ್ಟಿ ತಿರುಗುವಾಗ ವೇಗೋತ್ಕರ್ಷ ಗುರುತ್ವದ 3,000 ಪಟ್ಟು. ಪಿಸ್ಟನ್, ಪಿನ್, ರಿಂಗ್, ರಾಡಿನ ಸಣ್ಣ ತುದಿ ಸೇರಿ 700 ಗ್ರಾಂ ಎಂದಿಟ್ಟುಕೊಂಡರೆ ಎಳೆತ 2.1 ಟನ್, 8,000ಕ್ಕೆ ಹೋದರೆ 2.8 ಟನ್. ಈ ಎಳೆತವನ್ನೆಲ್ಲ ಹೊರುವುದು ರಾಡ್ ಬೋಲ್ಟ್. ಹಾಗಾಗಿ 7,000 ದಾಟದ ಎಂಜಿನ್‌ನಲ್ಲಿ ಕಂಪನಿ ಬೋಲ್ಟ್ ಕಿತ್ತುಹೋಗುವುದು ಅಪರೂಪ. ಇಲ್ಲಿ ರಾಡ್ ಸಾಯುವುದು ಎಳೆತಕ್ಕಲ್ಲ, ಬಾಗಿ.

ಬಾಗಿಸುವುದು ಕೆಳ ಆರ್‌ಪಿಎಂನ ಟಾರ್ಕ್. ಚಕ್ರದ ಬಳಿ 700 ಅಂದರೆ ಕ್ರ್ಯಾಂಕಿನಲ್ಲಿ ಸುಮಾರು 820. ಅದನ್ನು 7,000ದಲ್ಲಿ ಪಡೆದರೆ ಟಾರ್ಕ್ 835 ನ್ಯೂಟನ್ ಮೀಟರ್. ಅದೇ 820 ಅನ್ನು 5,500ರಲ್ಲಿ ಪಡೆಯಲು ಹೊರಟರೆ 1,060ಕ್ಕಿಂತ ಹೆಚ್ಚು. ಡೈನೋ ಕಾಗದದ ಮೇಲೆ ಎರಡಕ್ಕೂ ಒಂದೇ ಅಂಕಿ, ರಾಡಿಗೆ ಎರಡೂ ಬೇರೆಬೇರೆ ಎಂಜಿನ್. ಕಂಪನಿ ರಾಡ್ ಉಳಿಸಿಕೊಳ್ಳುವುದಾದರೆ 4,500ರವರೆಗೆ ಬೂಸ್ಟ್ (ಟರ್ಬೊ ತುಂಬುವ ಹೆಚ್ಚುವರಿ ಒತ್ತಡ) 1 ಬಾರಿನಲ್ಲಿ ತಡೆದು, 5,500ರ ಹೊತ್ತಿಗೆ ಪೂರ್ತಿ ಬಿಡುವಂತೆ ಇಸಿಯುನಲ್ಲಿ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೋಷ್ಟಕ ಬರೆಸಿ. ಆರನೇ ಗೇರಿನಲ್ಲಿ 3,000ದಿಂದ ಪೂರ್ತಿ ಥ್ರಾಟಲ್ ಒತ್ತುವ ಅಭ್ಯಾಸವಿದ್ದರೆ ಈ ಸಲಹೆಯೆಲ್ಲ ವ್ಯರ್ಥ.

ಎಂಜಿನ್ ಬಿಚ್ಚದೆ ಇದ್ದರೂ ಬದಲಿಸಲೇಬೇಕಾದ್ದು ಒಂದಷ್ಟಿದೆ. ಕ್ರ್ಯಾಂಕ್ ಡ್ಯಾಂಪರ್: ಅದರ ರಬ್ಬರಿಗೆ ಮೂವತ್ತು ವರ್ಷ, ಹೊರ ಉಂಗುರ ಜಾರತೊಡಗಿದರೆ ಕ್ರ್ಯಾಂಕಿನ ತಿರುಚು ಕಂಪನ ನೇರವಾಗಿ ಮುಂದಿರುವ ಎಣ್ಣೆ ಪಂಪಿನ ಗೇರಿಗೆ ಹೋಗುತ್ತದೆ. ಟೈಮಿಂಗ್ ಬೆಲ್ಟ್, ಹೈಡ್ರಾಲಿಕ್ ಟೆನ್ಷನರ್. ವಾಲ್ವ್ ಸ್ಪ್ರಿಂಗ್ ಕೂಡ: ಇನ್‌ಟೇಕ್ ವಾಲ್ವಿನ ತಲೆ ಸುಮಾರು 33 ಮಿಮೀ, ಅದರ ಬೆನ್ನಿಗೆ 1.7 ಬಾರ್ ಬಿದ್ದರೆ ಸ್ಪ್ರಿಂಗಿನ ಮುಚ್ಚುವ ಬಲದಲ್ಲಿ 15 ಕೆಜಿ ಅಲ್ಲೇ ಹೋಯಿತು. ಹಳೆಯ ಸ್ಪ್ರಿಂಗ್ 6,800ರ ಮೇಲೆ ವಾಲ್ವನ್ನು ಪುಟಿಸುತ್ತದೆ, ಜನ ಅದನ್ನು ಕಿಡಿ ತಪ್ಪುತ್ತಿದೆ ಎಂದು ಕಾಯಿಲ್ ಬದಲಿಸುತ್ತಾ ಕೂರುತ್ತಾರೆ.

ಇಷ್ಟೆಲ್ಲ ಹೇಳಿದ್ದು ಆರೋಗ್ಯವಂತ ಎಂಜಿನ್ನಿಗೆ. ನಿಮ್ಮ ಆರನೇ ಸಿಲಿಂಡರ್ ಕಂಡು ನನಗೆ ಸಮಾಧಾನವಿಲ್ಲ. ಟೊಯೊಟಾದ ಲೆಕ್ಕದಲ್ಲಿ 156 ಸರಿಯಾದ ಓದು, 128 ಕನಿಷ್ಠ, ಆದರೆ ಸಿಲಿಂಡರುಗಳ ನಡುವೆ ವ್ಯತ್ಯಾಸ 14 ಮೀರಬಾರದು. ನಿಮ್ಮದು 18. ಟರ್ಬೊ ಆರ್ಡರ್ ಮಾಡುವ ಮುಂಚೆ ಲೀಕ್-ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಮಾಡಿಸಿ, ಗಾಳಿ ಎಲ್ಲಿಂದ ಹೊರಡುತ್ತಿದೆ ಎಂದು ಕಿವಿಗೊಟ್ಟು ಕೇಳಿ: ಸೈಲೆನ್ಸರಿನಿಂದಾದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಡಿಯಿಂದಾದರೆ ಇನ್‌ಟೇಕ್, ಎಣ್ಣೆ ತುಂಬುವ ಬಾಯಿಯಿಂದಾದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಸ್ಪಾರ್ಕ್ ಪ್ಲಗ್ ತೂತಿನಿಂದ ಡಯಲ್ ಗೇಜಿನ ಕಡ್ಡಿ ಇಳಿಸಿ ಆರೂ ಪಿಸ್ಟನ್ನುಗಳ ತುದಿ ಎತ್ತರವನ್ನೂ ಹೋಲಿಸಿ. ಬಾಗಿದ ರಾಡ್ ಗಿಡ್ಡವಾಗಿರುತ್ತದೆ, ಪಿಸ್ಟನ್ ಪೂರ್ತಿ ಮೇಲೆ ಬರುವುದಿಲ್ಲ.

ಮರಳುಗಾಳಿ

ಮೇಲಿನದನ್ನು ಒಪ್ಪುತ್ತೇನೆ, ಆದರೆ ರಾಡಿಗಿಂತ ಮುಂಚೆ ನಿಮ್ಮ ಊರಿನ ಗಾಳಿಯ ಲೆಕ್ಕ ಹಾಕಬೇಕು. 1.7 ಬಾರ್ ಬೂಸ್ಟ್ ಅಂದರೆ ಒತ್ತಡದ ಅನುಪಾತ 2.7. ಹೊರಗೆ 45 ಡಿಗ್ರಿ, ಕಂಪ್ರೆಸರ್ ದಕ್ಷತೆ ಶೇ 72 ಇದ್ದರೆ ಟರ್ಬೊ ಬಾಯಿಂದ ಹೊರಬರುವ ಗಾಳಿ 190 ಡಿಗ್ರಿ. ಶೇ 80 ದಕ್ಷತೆಯ ಒಳ್ಳೆಯ ಇಂಟರ್‌ಕೂಲರ್ ಇದ್ದರೂ ಎಂಜಿನ್ನಿಗೆ ಹೋಗುವುದು 74 ಡಿಗ್ರಿ ಗಾಳಿ. ಅದೇ ಎಂಜಿನ್, ಅದೇ ಬೂಸ್ಟ್, 15 ಡಿಗ್ರಿಯ ದೇಶದಲ್ಲಾದರೆ 41. ತಂಪು ದೇಶದವರು "ಸ್ಟಾಕ್ ಎಂಜಿನ್‌ನಲ್ಲಿ 800 ತೆಗೆದೆ" ಎಂದು ಬರೆದದ್ದನ್ನು ಶಾರ್ಜಾದ ಆಗಸ್ಟಿಗೆ ತಂದು ಅಂಟಿಸಬೇಡಿ, ಅದೂ ಅವರಲ್ಲಿ ಬಹಳ ಮಂದಿ ಓಡಿಸುವುದು ಇ85ನಲ್ಲಿ (ಹೆಚ್ಚಿನ ಪಾಲು ಎಥನಾಲ್ ಇರುವ ಇಂಧನ).

98 ಆಕ್ಟೇನ್‌ನಲ್ಲಿ 74 ಡಿಗ್ರಿ ಗಾಳಿ ಕುಡಿಸಿದರೆ ನಾಕ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಬರುತ್ತದೆ. ನಾಕ್ ಬಂದಾಗ ಎರಕದ ಪಿಸ್ಟನ್ ಬಾಗುವುದಿಲ್ಲ, ಮೊದಲ ಮತ್ತು ಎರಡನೇ ರಿಂಗ್ ನಡುವಿನ ದಂಡೆ ಚೂರಾಗಿ ಉದುರುತ್ತದೆ. ಫೋರ್ಜ್ಡ್ ಪಿಸ್ಟನ್ ಅದೇ ಏಟನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಆಮೇಲೆ ಅದರ ತಲೆಯೂ ಕರಗುತ್ತದೆ. ಫೋರ್ಜ್ಡ್ ಹಾಕಿದರೆ ನಾಕ್ ಪರವಾಗಿಲ್ಲ ಎಂದುಕೊಂಡು ಕಿಡಿಯ ಟೈಮಿಂಗ್ ಮುಂದೆ ತಳ್ಳಿಸುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಫೋರ್ಜಿಂಗ್ ಕೊಡುವುದು ತಪ್ಪು ಕಂಡುಹಿಡಿಯಲು ಬೇಕಾದಷ್ಟು ಸಮಯ, ಅಷ್ಟೇ.

ಹಾಗಾಗಿ ಕ್ರಮ ಹೀಗಿರಲಿ. ವಾಟರ್-ಮೆಥನಾಲ್ ಇಂಜೆಕ್ಷನ್ ಹಾಕಿಸುವುದಾದರೆ ಹರಿವಿನ ಸೆನ್ಸರ್ ಇಸಿಯುಗೆ ಸೇರಲಿ. ನಳಿಕೆ ಕಟ್ಟಿಕೊಂಡ ಕ್ಷಣ ಬೂಸ್ಟ್ ವೇಸ್ಟ್‌ಗೇಟ್ (ಟರ್ಬೊಗೆ ಹೆಚ್ಚಾದ ಎಕ್ಸಾಸ್ಟ್ ಹೊರಬಿಡುವ ಕವಾಟ) ಸ್ಪ್ರಿಂಗಿನ ಮಟ್ಟಕ್ಕೆ ಇಳಿಯಬೇಕು. ಆ ಸ್ಪ್ರಿಂಗ್ 1 ಬಾರಿನದ್ದಿರಲಿ, ಅಷ್ಟಕ್ಕೆ 98 ಪೆಟ್ರೋಲ್ ಮಾತ್ರವೇ ಸಾಕು. ಗಾಳಿಯ ಉಷ್ಣತೆ 60 ದಾಟಿದಂತೆ ಟೈಮಿಂಗ್ ಹಿಂದಕ್ಕೆ ಬರುವ ಕೋಷ್ಟಕ ಕಡ್ಡಾಯ. ಪೂರ್ತಿ ಬೂಸ್ಟ್‌ನಲ್ಲಿ ಗಾಳಿ-ಇಂಧನ ಮಿಶ್ರಣದ ಅನುಪಾತ 11.5ರ ಆಸುಪಾಸು. ಇಂಜೆಕ್ಟರ್ ಲೆಕ್ಕ: 820 ಎಚ್‌ಪಿಗೆ ಎಚ್‌ಪಿಯೊಂದಕ್ಕೆ ಗಂಟೆಗೆ 0.6 ಪೌಂಡ್ ದರದಲ್ಲಿ 492 ಪೌಂಡ್ ಇಂಧನ, ಆರರಿಂದ ಭಾಗಿಸಿ ಶೇ 80 ಡ್ಯೂಟಿಗೆ (ತೆರೆದಿರುವ ಸಮಯದ ಪಾಲು) ನೋಡಿದರೆ ನಿಮಿಷಕ್ಕೆ ಸುಮಾರು 1,080 ಸಿಸಿಯದ್ದು ಬೇಕು. ಮುಂದೆ ಎಂದಾದರೂ ಇ85 ತರಿಸುವ ಆಲೋಚನೆ ಇದ್ದರೆ 1,500ಕ್ಕೆ ಕಡಿಮೆ ಕೊಳ್ಳಬೇಡಿ.

ಡೈನೋದ ಪ್ರತಿ ಎರಡು-ಮೂರು ಓಟಕ್ಕೊಮ್ಮೆ ಪ್ಲಗ್ ಬಿಚ್ಚಿ ಹತ್ತು ಪಟ್ಟು ಭೂತಗನ್ನಡಿಯಲ್ಲಿ ಬಿಳಿ ಪಿಂಗಾಣಿಯನ್ನು ನೋಡಿ. ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕರಿ ಚುಕ್ಕೆ ಕಂಡರೆ ನಾಕ್ ಶುರುವಾಗಿದೆ. ಆ ಚುಕ್ಕೆಗಳು ಬೆಳ್ಳಿಯಂತೆ ಹೊಳೆದರೆ ಅದು ಪಿಸ್ಟನ್ನಿನಿಂದ ಎದ್ದುಬಂದ ಅಲ್ಯೂಮಿನಿಯಂ. ಅಲ್ಲಿಗೆ ಆ ದಿನದ ಟ್ಯೂನಿಂಗ್ ನಿಲ್ಲಿಸಬೇಕು, "ಇನ್ನೊಂದೇ ಓಟ" ಅನ್ನಬಾರದು.

ಶಾರ್ಜಾ_ಸುಪ್ರಾ

ಇಬ್ಬರಿಗೂ ಧನ್ಯವಾದ. ಲೀಕ್-ಡೌನ್ ಆಯಿತು. 1ರಿಂದ 5ರವರೆಗೆ ಶೇ 6ರಿಂದ 8. ಆರನೆಯದು ಶೇ 19, ಗಾಳಿ ಎಣ್ಣೆ ಬಾಯಿಯಿಂದ ಬರುತ್ತಿದೆ. ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಕಂಪ್ರೆಷನ್ ತೆಗೆದರೆ 142 ಇದ್ದದ್ದು 157 ಆಯಿತು. ಪಿಸ್ಟನ್ ಎತ್ತರ ಆರರಲ್ಲೂ 0.03 ಮಿಮೀ ಒಳಗೇ ಇದೆ. ಹೊಸ ಕಂಪನಿ ರಿಂಗ್ ಮಾತ್ರ ಹಾಕಿ ಮುಚ್ಚಬಹುದೇ?

ಬೋರ್_ಗೇಜ್

ಹಾಗಾದರೆ ರಾಡ್ ನೆಟ್ಟಗಿದೆ, ರಿಂಗ್ ಅಥವಾ ಗೋಡೆ ಹೋಗಿದೆ. ಎಂಜಿನ್ ಹೇಗೂ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಲೆಕ್ಕವೇ ಬೇರೆ. ಸ್ಟಾಕ್ ಎಂಜಿನ್ನಿನ ದೊಡ್ಡ ಆಸ್ತಿ ಅದರ ಬಿಡಿಭಾಗವಲ್ಲ, ಕಾರ್ಖಾನೆಯಲ್ಲಿ ಒಮ್ಮೆ ಕೂತು ಒಂದಕ್ಕೊಂದು ಒಗ್ಗಿಕೊಂಡ ಅಳತೆಗಳು. ಬಿಚ್ಚಿದ ದಿನ ಆ ಆಸ್ತಿ ಕರಗಿತು. ಇನ್ನು ಮುಂದೆ ಬಾಳಿಕೆ ನಿಮ್ಮ ಮಶೀನ್ ಶಾಪಿನ ಕೈಯಲ್ಲಿದೆ, ಪಿಸ್ಟನ್ ಡಬ್ಬಿಯ ಮೇಲಿನ ಹೆಸರಿನಲ್ಲಲ್ಲ. ಬೋರಿಂಗ್, ಹೋನಿಂಗ್, ಜೋಡಣೆಯ ಖರ್ಚು ಎರಡೂ ದಾರಿಯಲ್ಲಿ ಒಂದೇ. ಅಷ್ಟು ಖರ್ಚು ಮಾಡಿ 700ರ ಗುರಿಗೆ ಮತ್ತೆ ಎರಕದ ಪಿಸ್ಟನ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಪಿಸ್ಟನ್, ರಾಡ್, ಬೇರಿಂಗ್, ಹೆಡ್ ಸ್ಟಡ್ ಹೊಸದಾಗಲಿ. ಕ್ರ್ಯಾಂಕ್ ಮತ್ತು ಮೇನ್ ಕ್ಯಾಪ್ ಕಂಪನಿಯದ್ದೇ ಇರಲಿ.

ಪಿಸ್ಟನ್ ಲೋಹದಲ್ಲಿ ಎರಡು ಆಯ್ಕೆ, ಎರಡೂ ಅಲ್ಯೂಮಿನಿಯಂ ಮಿಶ್ರಲೋಹ. 4032ರಲ್ಲಿ ಶೇ 12ರಷ್ಟು ಸಿಲಿಕಾನ್. ಕಡಿಮೆ ಹಿಗ್ಗುತ್ತದೆ, ಗೋಡೆಯ ಅಂತರ ಬಿಗಿಯಾಗಿ ಇಡಬಹುದು, ತಣ್ಣಗಿದ್ದಾಗ ಸದ್ದು ಕಡಿಮೆ, ಆದರೆ ಏಟು ಬಿದ್ದರೆ ಬಿರುಕು ಬಿಡುವ ಜಾತಿ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಬಿರುಕು ಬಿಡುವ ಬದಲು ಮಣಿಯುತ್ತದೆ, ಆದರೆ ಹೆಚ್ಚು ಹಿಗ್ಗುವುದರಿಂದ ಅಂತರ ದೊಡ್ಡದು ಬೇಕು, ರಿಂಗ್ ಕೂರುವ ತೋಡು ಬೇಗ ಸವೆಯುತ್ತದೆ. ನಿಮ್ಮ ಬಿಸಿ, ನಿಮ್ಮ ಪೆಟ್ರೋಲಿಗೆ 2618. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಇರುತ್ತದೆ, ಅದು ರೋಗವಲ್ಲ. ಎಣ್ಣೆ 70 ಡಿಗ್ರಿ ಮುಟ್ಟುವವರೆಗೆ ಬೂಸ್ಟ್ ಕೊಡಬೇಡಿ.

ಬೋರ್ 86.5ಕ್ಕೆ ಹೋಗಿ ಸಾಕು, 3,032 ಸಿಸಿ ಆಗುತ್ತದೆ. ಗೋಡೆ ತೆಳ್ಳಗೆ ಮಾಡಿ 87ಕ್ಕೆ ಹೋದರೆ ಸಿಗುವುದು ಇನ್ನು 35 ಸಿಸಿ ಮಾತ್ರ, ಮುಂದಿನ ಸಲ ಕೊರೆಯಲು ಜಾಗವೂ ಉಳಿಯುವುದಿಲ್ಲ. ಹೋನಿಂಗ್ ಮಾಡುವಾಗ ಟಾರ್ಕ್ ಪ್ಲೇಟ್ (ಹೆಡ್ ಬದಲಿಗೆ ಬಿಗಿಯುವ ದಪ್ಪ ತಟ್ಟೆ) ಬಿಗಿದಿರಬೇಕು, ಅದೂ ನೀವು ಬಳಸಲಿರುವ ಅದೇ ಸ್ಟಡ್, ಅದೇ ಬಿಗಿತದಲ್ಲಿ. ಸ್ಟಡ್ ಎಳೆದಾಗ ಬೋರಿನ ಮೇಲ್ಭಾಗ ದುಂಡು ಕಳೆದುಕೊಳ್ಳುತ್ತದೆ. ಪ್ಲೇಟ್ ಇಲ್ಲದೆ ದುಂಡಾಗಿ ಹೋನ್ ಮಾಡಿದ್ದು ಹೆಡ್ ಬಿಗಿದ ಮೇಲೆ ದುಂಡಾಗಿರುವುದಿಲ್ಲ. ಪ್ಲೇಟ್ ಇಲ್ಲ ಅನ್ನುವ ಅಂಗಡಿಯಿಂದ ಬ್ಲಾಕ್ ವಾಪಸ್ ತನ್ನಿ. ಪಿಸ್ಟನ್-ಗೋಡೆ ಅಂತರ ಪಿಸ್ಟನ್ ಜೊತೆ ಬರುವ ಚೀಟಿಯಲ್ಲಿರುವಂತೆ, 2618ಕ್ಕೆ ಸಾಮಾನ್ಯವಾಗಿ 0.09ರಿಂದ 0.11 ಮಿಮೀ. ಅಳೆಯುವ ಜಾಗವೂ ಚೀಟಿಯಲ್ಲಿರುತ್ತದೆ. ಸ್ಕರ್ಟಿನ ಬೇರೆ ಎತ್ತರದಲ್ಲಿ ಅಳೆದರೆ ಅಂಕಿ ಸುಳ್ಳಾಗುತ್ತದೆ.

ರಿಂಗ್ ಗ್ಯಾಪ್ ಬಗ್ಗೆ ನಿಧಾನವಾಗಿ ಹೇಳುತ್ತೇನೆ, ಹೊಸ ಎಂಜಿನ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಡಬ್ಬಿಯಿಂದ ತೆಗೆದ ಹಾಗೇ ಹಾಕಬೇಡಿ. ಬೋರ್ ಮುಗಿದ ಮೇಲೆ ರಿಂಗನ್ನು ಅದರ ಸ್ವಂತ ಸಿಲಿಂಡರಿಗೆ ಇಟ್ಟು, ಪಿಸ್ಟನ್ ತಲೆಕೆಳಗಾಗಿ ಹಿಡಿದು 25 ಮಿಮೀ ಕೆಳಗೆ ತಳ್ಳಿ, ಆಗ ರಿಂಗ್ ಓರೆಯಾಗದೆ ಕೂರುತ್ತದೆ. ಫೀಲರ್ ಗೇಜ್ ಹಾಕಿ ನೋಡಿ. ಗುರಿ: ಮೇಲಿನ ರಿಂಗಿಗೆ ಬೋರಿನ 0.0055 ಪಟ್ಟು, ಅಂದರೆ 86.5ಕ್ಕೆ 0.48 ಮಿಮೀ, ಎರಡನೆಯದಕ್ಕೆ 0.50ರಿಂದ 0.52. ಎರಡನೆಯದು ಚಿಕ್ಕದಾದರೆ ನಡುವೆ ಸಿಕ್ಕಿಬಿದ್ದ ಒತ್ತಡ ಮೇಲಿನ ರಿಂಗನ್ನು ಎತ್ತಿ ನಡುಗಿಸುತ್ತದೆ. ಒಂದೇ ತುದಿಯನ್ನು ಅರದಿಂದ ಹೊರಮೈಯಿಂದ ಒಳಕ್ಕೆ ಮಾತ್ರ ಉಜ್ಜಿ. ತಿರುಗುಮುರುಗಾದರೆ ಹೊರಮೈಯ ಲೇಪ ಚಕ್ಕೆ ಏಳುತ್ತದೆ. ಕೊನೆಗೆ ಅಂಚಿನ ಮುಳ್ಳು ತೆಗೆದು ಬೆರಳಿನಿಂದ ಸವರಿ ನೋಡಿ.

ಗ್ಯಾಪ್ 0.05 ಹೆಚ್ಚಾದರೆ ಆಗುವ ನಷ್ಟ ಸ್ವಲ್ಪ ಬ್ಲೋ-ಬೈ (ರಿಂಗ್ ದಾಟಿ ಕೆಳಗೆ ಸೋರುವ ಅನಿಲ). ಕಡಿಮೆಯಾದರೆ ಬಿಸಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ, ರಿಂಗ್ ಗೋಡೆಗೆ ಬಿಗಿದು ದಂಡೆಯನ್ನೇ ಒಡೆದುಕೊಂಡು ಮೇಲೇಳುತ್ತದೆ. ಹಾಗೆ ಸತ್ತ ಎಂಜಿನ್ ಬಿಚ್ಚಿ ನೋಡಿದರೆ ರಿಂಗಿನ ಎರಡೂ ತುದಿ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದನ್ನು ಕಂಡೂ "ಪಿಸ್ಟನ್ ಕಂಪನಿ ಸರಿಯಿಲ್ಲ" ಅನ್ನುವುದು ತಪ್ಪು.

ರಾಡ್ 4340 ಉಕ್ಕಿನ ಎಚ್-ಬೀಮ್, ಎಆರ್‌ಪಿ 2000 ಬೋಲ್ಟ್ ಇದ್ದರೆ ಈ ಗುರಿಗೆ ಧಾರಾಳ. ಬೋಲ್ಟನ್ನು ಟಾರ್ಕ್ ವ್ರೆಂಚ್ ನಂಬಿ ಬಿಗಿಯಬೇಡಿ, ಸ್ಟ್ರೆಚ್ ಗೇಜಿನಲ್ಲಿ ಉದ್ದ ಅಳೆಯಿರಿ. ಬಿಗಿಯುವ ಮುಂಚಿನ ಉದ್ದ, ಬಿಗಿದ ಮೇಲಿನ ಉದ್ದ ಎರಡನ್ನೂ ಬರೆದಿಡಿ; ಹಿಗ್ಗುವಿಕೆ ಚೀಟಿಯ ಅಂಕಿಗೆ ಬರಬೇಕು. ಮುಂದೆಂದಾದರೂ ಬಿಚ್ಚಿದಾಗ ಯಾವುದಾದರೂ ಬೋಲ್ಟ್ ಮೊದಲಿಗಿಂತ 0.025 ಮಿಮೀ ಉದ್ದವಾಗಿ ಉಳಿದಿದ್ದರೆ ಅದು ಎಸೆಯುವ ಬೋಲ್ಟ್. ಹೊಸ ರಾಡ್ ಎಂದು ದೊಡ್ಡ ತುದಿಯ ಅಳತೆ ನೋಡದೆ ಬಿಡಬೇಡಿ.

ಬೇರಿಂಗ್ ಅಂತರ: ರಾಡ್ ಜರ್ನಲ್ 52 ಮಿಮೀ, ಮೇನ್ 62 ಮಿಮೀ. ವ್ಯಾಸದ ಸಾವಿರದಲ್ಲೊಂದು ಪಾಲು ಎಂಬ ಹಳೆಯ ಸೂತ್ರವೇ ಸಾಕು. ರಾಡಿಗೆ 0.050ರಿಂದ 0.060, ಮೇನಿಗೆ 0.055ರಿಂದ 0.065. ಜರ್ನಲನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದೇ ಮೈಕ್ರೋಮೀಟರಿನ ನಡುವೆ ಬೋರ್ ಗೇಜ್ ಸೊನ್ನೆ ಮಾಡಿ, ಶೆಲ್ ಕೂರಿಸಿ ಬಿಗಿದ ಬೋರಿನೊಳಗೆ ಕೂಡು ಗೆರೆಗೆ 90 ಡಿಗ್ರಿಯಲ್ಲಿ ಓದಿ. ಪ್ಲಾಸ್ಟಿಗೇಜ್ (ಅಂತರ ಅಳೆಯುವ ಮೆತ್ತನೆಯ ಎಳೆ) ಮರುಪರಿಶೀಲನೆಗೆ ಮಾತ್ರ. ಈ ಅಂತರಕ್ಕೆ 15ಡಬ್ಲ್ಯೂ-50 ಎಣ್ಣೆ. ಬಿಸಿಯಾದಾಗ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಒತ್ತಡ ಬರಬೇಕು.

ಮೇನ್ ಕ್ಯಾಪಿಗೆ ಸ್ಟಡ್ ಹಾಕುವ ಆಸೆ ಬಂದರೆ ಒಂದು ಮಾತು: ಸ್ಟಡ್ ಎಳೆಯುವ ರೀತಿ ಬೇರೆ, ಮೇನ್ ಬೋರಿನ ಆಕಾರ ಬದಲಾಗುತ್ತದೆ, ಆಮೇಲೆ ಲೈನ್ ಹೋನ್ (ಮೇನ್ ಬೋರುಗಳನ್ನೆಲ್ಲ ಒಂದೇ ನೇರಕ್ಕೆ ಉಜ್ಜುವುದು) ಮಾಡಿಸಲೇಬೇಕು. ಅದನ್ನು ಮಾಡಿಸದೆ ಸ್ಟಡ್ ಮಾತ್ರ ಹಾಕುವುದಕ್ಕಿಂತ ಕಂಪನಿ ಬೋಲ್ಟೇ ಮೇಲು. ನಿಮ್ಮ ಗುರಿಗೆ ಅಗತ್ಯವೂ ಇಲ್ಲ.

ಜಯನಗರ_ವಿಆರ್‌ಎಸ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೆಂಗಳೂರಿನಲ್ಲಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಇರುವವರಿಗೂ ಇದೇ ಲೆಕ್ಕವೇ? ಎಕ್ಸ್‌ಪಿ100 (100 ಆಕ್ಟೇನ್ ಪೆಟ್ರೋಲ್) ಇಲ್ಲಿ ಸಿಗುತ್ತದೆ.

ಎರಕದ_ಬ್ಲಾಕ್

ಸೂತ್ರ ಒಂದೇ, ಅಂಕಿಗಳು ಬೇರೆ. ನಿಮ್ಮ ಇಎ888 ಎಂಜಿನ್ನಿನ ಬೋರ್ 82.5, ಸ್ಟ್ರೋಕ್ 92.8, ಅನುಪಾತ 9.6, ನೇರ ಇಂಜೆಕ್ಷನ್. ಉದ್ದ ಸ್ಟ್ರೋಕ್ ಆದ್ದರಿಂದ 7,000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 21.7 ಮೀಟರ್, ಸುಪ್ರಾದ್ದು 20. ಸಣ್ಣ ಟರ್ಬೊ ಬೇಗ ತುಂಬುವುದರಿಂದ ಟಾರ್ಕ್ ಕೆಳ ಆರ್‌ಪಿಎಂನಲ್ಲೇ ಬಂದು ಕೂರುತ್ತದೆ, ರಾಡಿಗೆ ಅದೇ ಕೆಟ್ಟದ್ದು. ಆದರೆ ಕಂಪನಿ ಟರ್ಬೊ ಇರುವವರೆಗೆ ನಿಮ್ಮ ಪಿಸ್ಟನ್-ರಾಡ್ ಯೋಚನೆ ಬಿಡಿ, ಅದಕ್ಕಿಂತ ಮುಂಚೆ ಡಿಎಸ್‌ಜಿ ಗೇರ್‌ಬಾಕ್ಸಿನ ಕ್ಲಚ್ ಜಾರುತ್ತದೆ. ಎಕ್ಸ್‌ಪಿ100ಕ್ಕೆ ಮಾಡಿಸಿದ ಮ್ಯಾಪ್ ಇಟ್ಟುಕೊಂಡು ಘಟ್ಟದ ಊರಿನ ಬಂಕಿನಲ್ಲಿ ಮಾಮೂಲು ಪೆಟ್ರೋಲ್ ತುಂಬಿಸಿ ಪೂರ್ತಿ ಥ್ರಾಟಲ್ ಒತ್ತಬೇಡಿ, ಕಡಿಮೆ ಆಕ್ಟೇನಿನ ಇನ್ನೊಂದು ಮ್ಯಾಪ್ ಮಾಡಿಸಿಕೊಳ್ಳಿ.

ಶಾರ್ಜಾ_ಸುಪ್ರಾ

ಸರಿ, ಪೂರ್ತಿ ಬಿಚ್ಚುತ್ತೇನೆ. 1,38,000 ಓಡಿದ ಎಣ್ಣೆ ಪಂಪ್ ಮತ್ತೆ ಬಳಸಬಹುದೇ? ಮೊದಲ ಸ್ಟಾರ್ಟಿಗೆ ಏನು ಎಚ್ಚರಿಕೆ?

ಬೋರ್_ಗೇಜ್

ಪಂಪ್ ಹೊಸದು, ಟೊಯೊಟಾದ್ದೇ ಸಾಕು. ಎದುರಿನ ಕ್ರ್ಯಾಂಕ್ ಸೀಲಿಗೆ ತಡೆ ತಟ್ಟೆ ಹಾಕಿಸಿ, ಬ್ಲೋ-ಬೈ ಒತ್ತಡ ಏರಿದರೆ ಈ ಎಂಜಿನ್ನಿನಲ್ಲಿ ಆ ಸೀಲ್ ಮುಂದಕ್ಕೆ ತಳ್ಳಿಕೊಂಡು ಬಂದು ಎಣ್ಣೆಯೆಲ್ಲ ಬೆಲ್ಟಿನ ಮೇಲೆ ಸುರಿಯುತ್ತದೆ. ಹಳೆಯ ಪಿಸಿವಿ (ಬ್ಲೋ-ಬೈ ಅನಿಲವನ್ನು ಇನ್‌ಟೇಕಿಗೆ ಮರಳಿಸುವ ವಾಲ್ವ್) ಬಿಟ್ಟು ವಾಲ್ವ್ ಕವರ್ ಎರಡರಿಂದಲೂ ದಪ್ಪ ಹೋಸ್ ಎಳೆದು ಕ್ಯಾಚ್ ಕ್ಯಾನಿಗೆ (ಎಣ್ಣೆ ಆವಿ ಹಿಡಿಯುವ ಡಬ್ಬಿ) ಕೊಡಿ.

ಪಂಪಿನ ಗೇರುಗಳ ನಡುವೆ ಅಸೆಂಬ್ಲಿ ಗ್ರೀಸ್ ತುಂಬಿ ಮುಚ್ಚಿ. ಒಣ ಪಂಪ್ ಎಣ್ಣೆ ಎಳೆಯುವುದಿಲ್ಲ. ಎಣ್ಣೆ ಫಿಲ್ಟರನ್ನು ಮೊದಲೇ ತುಂಬಿಸಿ. ಟರ್ಬೊದ ಎಣ್ಣೆ ನಳಿಗೂ ಒಂದಿಷ್ಟು ಬಿಡಿ. ಪ್ಲಗ್ ಆರೂ ತೆಗೆದು, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಬಿಚ್ಚಿ, ಹತ್ತು ಸೆಕೆಂಡಿನಂತೆ ಸ್ಟಾರ್ಟರ್ ತಿರುಗಿಸಿ. ಗೇಜಿನ ಮುಳ್ಳು ಎದ್ದು ನಿಲ್ಲುವವರೆಗೆ ಪ್ಲಗ್ ಹಾಕಬೇಡಿ. ಸ್ಟಾರ್ಟ್ ಆದ ಮೇಲೆ ಐಡಲ್‌ನಲ್ಲಿ ಬಹಳ ಹೊತ್ತು ಬಿಡಬೇಡಿ; ಸೋರಿಕೆ ನೋಡಿ, ನೀರು ಬಿಸಿಯಾದ ತಕ್ಷಣ ರಸ್ತೆಗೆ ಇಳಿಸಿ. ಮಿನರಲ್ ಎಣ್ಣೆಯಲ್ಲಿ, ಬರೀ ವೇಸ್ಟ್‌ಗೇಟ್ ಸ್ಪ್ರಿಂಗಿನ ಬೂಸ್ಟ್‌ನಲ್ಲಿ, ಮೂರನೇ ಗೇರಿನಲ್ಲಿ 3,000ದಿಂದ 5,000ಕ್ಕೆ ಅರ್ಧ ಥ್ರಾಟಲ್ ಕೊಟ್ಟು ಏರಿಸಿ, ಕಾಲು ತೆಗೆದು ಅದರಷ್ಟಕ್ಕೇ ಇಳಿಯಲು ಬಿಡಿ. ಹತ್ತಿಪ್ಪತ್ತು ಸಲ. ರಿಂಗ್ ಗೋಡೆಗೆ ಕೂರುವುದು ಒತ್ತಡದಿಂದ. 100 ಕಿಮೀಗೆ ಎಣ್ಣೆ ತೆಗೆದು ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ನುಣುಪಾದ ಬೂದು ಹುಡಿ ಇದ್ದರೆ ಸಹಜ. ಹೊಳೆಯುವ ಚಕ್ಕೆ ಇದ್ದರೆ ಬೇರಿಂಗ್. ಡೈನೋ ದಿನ ಮುಂದೂಡಿ ಸಂಪ್ ಇಳಿಸಿ. 800 ಕಿಮೀಗೆ ಮತ್ತೊಮ್ಮೆ ಎಣ್ಣೆ ಬದಲಿಸಿ, ಲೀಕ್-ಡೌನ್ ಮಾಡಿಸಿ, ಆರೂ ಓದು ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಪರೀಕ್ಷೆಗೂ ಹೋಲಿಸಲು ಅದೇ ನಿಮ್ಮ ಮೂಲ ಅಂಕಿ.